ಸೋರೆ ಬಳ್ಳಿ ತುಂಬಾ ಹೂ, ಒಂದು ಕಾಯಿಯೂ ನಿಲ್ಲುತ್ತಿಲ್ಲ. ಏನು ಮಾಡಲಿ?

ತಾರಸಿ ತೋಟ (ದಾವಣಗೆರೆ)
ವಿದ್ಯಾನಗರದ ನಮ್ಮ ಮನೆ ತಾರಸಿ ಮೇಲೆ ಎರಡು ಡ್ರಮ್ಮಿನಲ್ಲಿ ಸೋರೆ ಹಾಕಿದ್ದೇನೆ. ಜೂನ್ ಮೊದಲ ವಾರ ಬೀಜ ಊರಿದ್ದು. ಈಗ ಬಳ್ಳಿ ಚಪ್ಪರ ದಾಟಿ ಪಕ್ಕದ ಮನೆಯ ಡಿಶ್ ಹಿಡಿದಿದೆ. ಹೂವಿಗೇನೂ ಬರವಿಲ್ಲ. ಸಂಜೆ ಕಾಫಿ ಲೋಟ ಹಿಡಿದು ಮೇಲೆ ಹೋದರೆ ಚಪ್ಪರವೆಲ್ಲಾ ಬಿಳಿ ಬಿಳಿ. ಆದರೆ ಕಾಯಿ? ಹೆಬ್ಬೆರಳು ಗಾತ್ರದ ಹೀಚು ಬರುತ್ತದೆ, ನಾಲ್ಕು ದಿನದಲ್ಲಿ ಹಳದಿಯಾಗಿ ಉದುರುತ್ತದೆ. ಇಲ್ಲಿಯವರೆಗೆ 11 ಹೀಚು ಹೋಗಿವೆ. ಎಣಿಸಿದ್ದೇನೆ.

ವಿಡಿಯೋ ನೋಡಿ ಬೆಳಿಗ್ಗೆ 10 ಗಂಟೆಗೆ ಬ್ರಷ್ ಹಿಡಿದು ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಸವರುತ್ತಿದ್ದೇನೆ. ಹೋದ ವರ್ಷ ಕುಂಬಳಕ್ಕೆ ಹೀಗೆ ಮಾಡಿ ಆರು ಕಾಯಿ ಬಂದಿತ್ತು. ಸೋರೆಗೆ ಏನೂ ಆಗುತ್ತಿಲ್ಲ. ಬೀಜ ಕೊಟ್ಟ ನರ್ಸರಿಯವರನ್ನು ಕೇಳಿದರೆ 340 ರೂಪಾಯಿಯ ಒಂದು ಬಾಟಲಿ ಕೈಗಿಟ್ಟರು. ನಮ್ಮ ಅತ್ತೆಯ ಪ್ರಕಾರ ಪಕ್ಕದ ಮನೆಯವರು ಹೀಚಿಗೆ ಬೆರಳು ತೋರಿಸಿದ್ದಾರೆ, ಅದಕ್ಕೇ ಹೀಗೆ. ಯಾರ ಮಾತು ಕೇಳಲಿ?

ಬೆಣ್ಣೆದೋಸೆ
ಅತ್ತೆಯ ಮಾತು. ಅದರಲ್ಲಿ ಯೋಚನೆ ಮಾಡುವುದೇನಿದೆ?

ಕೋಟೆ ಕಲ್ಲು (ಚಿತ್ರದುರ್ಗ)
ಗೊಬ್ಬರ ಜಾಸ್ತಿ ಆಗಿರಬೇಕು. ಯೂರಿಯಾ ಹಾಕಿದರೆ ಬಳ್ಳಿ ಸೊಕ್ಕಿ ಬೆಳೆಯುತ್ತದೆ, ಬರೀ ಎಲೆ ಮತ್ತು ಗಂಡು ಹೂ. ಮೊದಲು ತುದಿ ಚಿವುಟಿ. ಪಕ್ಕದ ಕವಲುಗಳಲ್ಲಿ ಹೆಣ್ಣು ಹೂ ಜಾಸ್ತಿ ಬರುತ್ತದೆ.

ತಾರಸಿ ತೋಟ
ಯೂರಿಯಾ ಮುಟ್ಟಿಲ್ಲ ಸಾರ್, ಬರೀ ಸಗಣಿ ಗೊಬ್ಬರ. ಹೆಣ್ಣು ಹೂವೂ ಬರುತ್ತಿವೆ. ಹೂವಿನ ಬುಡದಲ್ಲಿ ಪುಟಾಣಿ ಸೋರೆ ಇರುವುದೇ ಹೆಣ್ಣು ಅಲ್ವಾ? ಅವು ದಿನಕ್ಕೆ ಒಂದೋ ಎರಡೋ ಇರುತ್ತವೆ. ಗಂಡು ಹೂ ಉದ್ದ ತೊಟ್ಟಿನವು, ಲೆಕ್ಕವಿಲ್ಲದಷ್ಟು.

ನಿವೃತ್ತ ಮೇಷ್ಟ್ರು
ಹೆಣ್ಣು ಹೂವಿನ ಕೆಳಗೆ ಕಾಣುವ ಆ ಪುಟಾಣಿ ಸೋರೆಯನ್ನು ನೋಡಿ ಕಾಯಿ ಬಂತು ಎಂದು ತಿಳಿಯಬೇಡಿ. ಅದಿನ್ನೂ ಖಾಲಿ ಮನೆ. ಒಳಗೆ ನೂರಾರು ಬೀಜದ ಮೊಗ್ಗುಗಳು ಕಾದು ಕುಳಿತಿರುತ್ತವೆ. ಗಂಡು ಹೂವಿನ ಪರಾಗ ಮೇಲೆ ಬಿದ್ದು, ಒಂದೊಂದು ಪರಾಗದ ಕಣದಿಂದ ಕೂದಲಿಗಿಂತ ಸಣ್ಣ ನಾಳ ಇಳಿದು, ಒಂದೊಂದು ಮೊಗ್ಗನ್ನು ಮುಟ್ಟಬೇಕು. ಆಗಷ್ಟೇ ಅದು ಬೀಜವಾಗುತ್ತದೆ. ಬೀಜ ಕಟ್ಟಲು ಶುರುವಾದ ಮೇಲೆ ಸುತ್ತಲಿನ ಗೋಡೆ ಉಬ್ಬಿ ಕಾಯಿಯಾಗುತ್ತದೆ. ಪರಾಗ ಬೀಳದಿದ್ದರೆ ಗಿಡ ಆ ಹೀಚಿಗೆ ಊಟ ಹಾಕುವುದನ್ನೇ ನಿಲ್ಲಿಸುತ್ತದೆ. ನಿಮ್ಮ 11 ಹೀಚು ಕೊಳೆತಿದ್ದಲ್ಲ, ಬಳ್ಳಿಯೇ ಕೈಬಿಟ್ಟಿದ್ದು.

ಬೆಣ್ಣೆದೋಸೆ
ಮೇಷ್ಟ್ರೇ, ಅವರು ಬ್ರಷ್‌ನಿಂದ ಸವರಿದ್ದೇನೆ ಎಂದು ಬರೆದಿದ್ದಾರಲ್ಲ. ಪೂರ್ತಿ ಓದಿ ಪಾಠ ಮಾಡಿ.

ಕ್ರಾಸಿಂಗ್ ಅಕ್ಕ
ನಾನು ರಾಣೆಬೆನ್ನೂರು ಕಡೆ ಬೀಜದ ಹೊಲಗಳಲ್ಲಿ ಎಂಟು ವರ್ಷ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಒಂದು ತಳಿಯ ಹೂವಿನ ಪುಡಿಯನ್ನು ಇನ್ನೊಂದಕ್ಕೆ ಕೈಯಲ್ಲಿ ಸವರುವ ಕೆಲಸಕ್ಕೆ, ಹೋದವಳು. ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಹೀರೆ, ಸೋರೆ ಎಲ್ಲಾ ಮಾಡಿದ್ದೇನೆ. ಉತ್ತರ ನಿಮ್ಮ ಬರಹದಲ್ಲೇ ಇದೆ. "ಸಂಜೆ ಕಾಫಿ ಲೋಟ ಹಿಡಿದು ಹೋದರೆ ಬಿಳಿ ಬಿಳಿ" ಎಂದಿದ್ದೀರಿ. ಸೋರೆ ಹೂ ಅರಳುವುದೇ ಸಂಜೆ. ನೀವು ಬ್ರಷ್ ಹಿಡಿದು ಹೋಗುವುದು ಮಾರನೇ ಬೆಳಿಗ್ಗೆ 10ಕ್ಕೆ. ಅಷ್ಟು ಹೊತ್ತಿಗೆ ಮದುವೆ ಮುಗಿದು ಚಪ್ಪರ ಬಿಚ್ಚಿರುತ್ತಾರೆ.

ಕುಂಬಳದ ಹೂ ಬೆಳಗಿನ ಜಾವಕ್ಕೇ ಅರಳುತ್ತದೆ. ಸೌತೆ, ಹಾಗಲವೂ ಬೆಳಗಿನವೇ. ಸೋರೆ, ಪಡವಲ, ಮುಳ್ಳು ಹೀರೆ ಸಂಜೆಯವು. ತುಪ್ಪದ ಹೀರೆ ಮಾತ್ರ ಮತ್ತೆ ಬೆಳಗಿನದು. ಅಕ್ಕ ತಂಗಿ ಆದರೂ ಹೊತ್ತು ಬೇರೆ.

ಕೆಲಸ ಹೀಗೆ ಮಾಡಿ. ಸಂಜೆ ಆರೂವರೆ ಏಳಕ್ಕೆ ಹೋಗಿ. ಆಗ ತಾನೇ ಅರಳಿದ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ನಡುವಿನ ಹಳದಿ ಗುಬುಟನ್ನು ಹೆಣ್ಣು ಹೂವಿನ ನಡುವಿನ ಅಂಟು ಭಾಗಕ್ಕೆ ಮೆಲ್ಲಗೆ ಸುತ್ತಲೂ ಸವರಿ. ಒಂದು ಕಡೆ ಮಾತ್ರ ತಾಗಿದರೆ ಕಾಯಿ ಸೊಟ್ಟ ಬರುತ್ತದೆ. ಒಂದು ಹೆಣ್ಣಿಗೆ ಎರಡು ಗಂಡು ಹೂ ಬಳಸಿ. ಬ್ರಷ್ ಬೇಡ, ಅರ್ಧ ಪುಡಿ ಬ್ರಷ್ ಕೂದಲಲ್ಲೇ ಉಳಿಯುತ್ತದೆ.

ತಾರಸಿ ತೋಟ
ಅಯ್ಯೋ ದೇವರೇ. ಎರಡು ತಿಂಗಳಿಂದ ಸಂಜೆ ಅದರ ಎದುರೇ ಕುಳಿತು ಕಾಫಿ ಕುಡಿದಿದ್ದೇನೆ!

ಮಂಡಕ್ಕಿ ಮಿರ್ಚಿ
ಒಂದು ಸಂಶಯ. ತಾರಸಿ ಮೇಲೆ ಹೀಗೆ ಕೈಯಲ್ಲಿ ಸವರುತ್ತೇವೆ. ಹೊಲದಲ್ಲಿ ರಾತ್ರಿ ಯಾರು ಸವರುತ್ತಾರೆ? ಜೇನು ಮಲಗಿರುತ್ತದಲ್ಲ.

ನಿವೃತ್ತ ಮೇಷ್ಟ್ರು
ಪತಂಗಗಳು. ಕತ್ತಲಲ್ಲಿ ಕಾಣಲಿ ಎಂದೇ ಬಿಳಿ ಬಣ್ಣ. ಮಲ್ಲಿಗೆ, ಪಾರಿಜಾತ, ರಾತ್ರಿರಾಣಿ ನೋಡಿ, ಎಲ್ಲವೂ ಬಿಳಿ ಇಲ್ಲವೇ ತಿಳಿ ಬಣ್ಣ, ಜೊತೆಗೆ ಘಮ. ಹಗಲಿನವರ ಅಂಗಡಿ ಬೇರೆ. ಮುತ್ತುಗದ ಕೆಂಪು ಹೂವಿಗೆ ಗೊರವಂಕ, ಸೂರಕ್ಕಿಯ ಥರದ ಹಕ್ಕಿಗಳು ಬರುತ್ತವೆ. ಬೂರುಗ, ಹಿಪ್ಪೆಗೆ ರಾತ್ರಿ ಬಾವಲಿಗಳೂ ಬರುತ್ತವೆ. ತಾರಸಿ ತೋಟದವರು ಮೂರನೇ ಮಹಡಿಯಲ್ಲಿದ್ದರೆ ಅಲ್ಲಿಗೆ ಪತಂಗ ಕಡಿಮೆ ಬರುತ್ತಿರಬಹುದು.

ಚಳ್ಳಕೆರೆ ಶೇಂಗಾ
ನಮ್ಮ ಕಡೆ ಈ ತಲೆನೋವೇ ಇಲ್ಲ. ಶೇಂಗಾ ಹೂ ಯಾರ ದಾರಿಯನ್ನೂ ಕಾಯುವುದಿಲ್ಲ. ಅರಳುವ ಮೊದಲೇ ತನ್ನೊಳಗೇ ಕೆಲಸ ಮುಗಿಸಿಕೊಂಡಿರುತ್ತದೆ. ಬೆಳಿಗ್ಗೆ ಹಳದಿ ಹೂ ಬಿಡುತ್ತದೆ, ಬಿಸಿಲೇರಿದರೆ ಬಾಡಿತು. ಹೂ ಮೇಲೆ, ಕಾಯಿ ಕೆಳಗೆ. ಬಾಡಿದ ಹೂವಿನ ಬುಡದಿಂದ ಸೂಜಿಯಂಥ ಊಡು ಹೊರಟು ನೇರ ನೆಲಕ್ಕೆ ಇಳಿಯುತ್ತದೆ. ಎರಡು ಇಂಚಿನಷ್ಟು ಆಳ ಹೋಗಿ, ಅಡ್ಡ ತಿರುಗಿ, ಆಮೇಲೆ ಕಾಯಿ ಕಟ್ಟುತ್ತದೆ. ಊಡಿನ ತುದಿಯಲ್ಲಿ ಬೀಜ ಕುಳಿತೇ ಪ್ರಯಾಣ ಮಾಡುತ್ತದೆ.

ಅದಕ್ಕೇ ಊಡು ಇಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ನಮ್ಮ ಕತೆ ಮುಗಿಯಿತು. ನೆಲ ಗಟ್ಟಿಯಾಗಿ ಊಡು ಮೇಲೆಯೇ ಒಣಗುತ್ತದೆ. ಎಕರೆಗೆ 200 ಕೆಜಿ ಜಿಪ್ಸಂ ಹಾಕಿ ಮಣ್ಣು ಸಡಿಲ ಮಾಡುವುದೂ ಆಗಲೇ. ಕಾಯಿ ಮಣ್ಣಿನಿಂದ ಸುಣ್ಣದ ಅಂಶವನ್ನು ನೇರವಾಗಿ ತಾನೇ ಹೀರುತ್ತದೆ, ಬೇರಿನಿಂದ ಬಂದಿದ್ದು ಸಾಲುವುದಿಲ್ಲ. ಇಲ್ಲದಿದ್ದರೆ ಬರೀ ಜೊಳ್ಳು.

ಮಂಡಕ್ಕಿ ಮಿರ್ಚಿ
ಹಾಗಾದರೆ ಶೇಂಗಾ ಬೇರಿನಲ್ಲಿ ಬಿಡುವುದಲ್ಲವಾ??? ನಾನು 34 ವರ್ಷ ಗೆಡ್ಡೆ ಎಂದುಕೊಂಡಿದ್ದೆ.

ಚಳ್ಳಕೆರೆ ಶೇಂಗಾ
ಮಿರ್ಚಿ ಕರಿಯುವ ಎಣ್ಣೆ ಎಲ್ಲಿಂದ ಬರುತ್ತದೆ ಎಂದಾದರೂ ಗೊತ್ತಾ? 😀

ಸೂಲಂಗಿ (ಜಗಳೂರು)
ಹೊತ್ತಿನ ವಿಷಯ ಬಂತು ಎಂದು ಬರೆಯುತ್ತಿದ್ದೇನೆ. ಕಳೆದ ಸಲ ನಮ್ಮ ಮೂರು ಎಕರೆ ಮೆಕ್ಕೆಜೋಳದಲ್ಲಿ ತೆನೆ ನೋಡಲು ಗುಂಡಗಿತ್ತು, ಸಿಪ್ಪೆ ಸುಲಿದರೆ ಮೇಲಿನ ಅರ್ಧ ಬೋಳು. ಬೀಜ ಮಾರಿದವನ ಜೊತೆ ಜಗಳಕ್ಕೇ ಹೋಗಿದ್ದೆ. ಆಮೇಲೆ ತಿಳಿಯಿತು, ಅವನ ತಪ್ಪಲ್ಲ.

ತೆನೆಯ ತುದಿಯಲ್ಲಿ ಜುಟ್ಟು ಬರುತ್ತದಲ್ಲ, ಅದರ ಒಂದೊಂದು ಕೂದಲೂ ಒಳಗಿನ ಒಂದೊಂದು ಕಾಳಿಗೆ ಹೋಗುವ ದಾರಿ. 500 ಕಾಳು ಬೇಕೆಂದರೆ 500 ಕೂದಲಿಗೂ ಪುಡಿ ಬೀಳಬೇಕು. ಪುಡಿ ಇರುವುದು ಗಿಡದ ನೆತ್ತಿಯ ಸೂಲಂಗಿಯಲ್ಲಿ. ಅದು ಉದುರುವುದು ಸುಮಾರು ಒಂದು ವಾರ. ನೀರು ಸಾಲದಿದ್ದರೆ ಸೂಲಂಗಿ ತನ್ನ ಹೊತ್ತಿಗೆ ಬರುತ್ತದೆ, ಜುಟ್ಟು ಮಾತ್ರ ತಡ ಮಾಡುತ್ತದೆ. ಬುಡದ ಕಾಳುಗಳ ಕೂದಲು ಮೊದಲು ಹೊರಬರುತ್ತದೆ, ತುದಿಯದು ಕೊನೆಗೆ. ಕೊನೆಯ ಕೂದಲು ಬರುವ ಹೊತ್ತಿಗೆ ಪುಡಿ ಖಾಲಿ. ಅದಕ್ಕೇ ತುದಿ ಬೋಳು. ಸೂಲಂಗಿ ಬಂದಾಗ ಒಂದು ನೀರು ಕೊಟ್ಟಿದ್ದರೆ ಉಳಿಯುತ್ತಿತ್ತು. ಬೋರು ಆಗಲೇ ನಿಂತುಹೋಗಿತ್ತು.

ಬೆಣ್ಣೆದೋಸೆ
ಜೇನು ಪೆಟ್ಟಿಗೆ ಇಡಬೇಕಿತ್ತು.

ಸೂಲಂಗಿ (ಜಗಳೂರು)
ಮೆಕ್ಕೆಜೋಳಕ್ಕೆ ಜೇನು ಯಾಕೆ? ಅದಕ್ಕೆ ಗಾಳಿ ಸಾಕು. ಸೂರ್ಯಕಾಂತಿಗೆ ಹೇಳಿ, ಒಪ್ಪುತ್ತೇನೆ. ತಾರಸಿಯಲ್ಲಿ ಮೆಕ್ಕೆಜೋಳ ಹಾಕುವವರಿದ್ದರೆ ಒಂದೇ ಸಾಲು ಹಾಕಬೇಡಿ, ಗುಂಪಾಗಿ ಚೌಕದಲ್ಲಿ ಹಾಕಿ. ಒಂದೇ ಸಾಲಾದರೆ ಪುಡಿಯೆಲ್ಲಾ ಗಾಳಿಗೆ ಪಕ್ಕದ ಬೀದಿಗೆ.

ನಿವೃತ್ತ ಮೇಷ್ಟ್ರು
ಇಲ್ಲಿ ಇನ್ನೊಂದು ಸೊಗಸಿದೆ. ಒಂದು ಪರಾಗದ ಕಣ ಒಳಗೆ ಎರಡು ಗಂಡು ಕಣಗಳನ್ನು ಒಯ್ಯುತ್ತದೆ. ಒಂದು ಅಂಡದ ಜೊತೆ ಸೇರಿ ಮರಿ ಸಸಿಯಾಗುತ್ತದೆ. ಇನ್ನೊಂದು ಪಕ್ಕದ ಕೋಶದ ಜೊತೆ ಸೇರಿ ಆ ಮರಿಗೆ ಬುತ್ತಿಯಾಗುತ್ತದೆ. ಇದನ್ನು 1898ರಲ್ಲಿ ರಷ್ಯಾದ ನವಾಷಿನ್ ಕಂಡುಹಿಡಿದರು. ನಾವು ತಿನ್ನುವ ಜೋಳದ ರೊಟ್ಟಿ, ಅನ್ನ, ಹೊಸದುರ್ಗದ ತೆಂಗಿನಕಾಯಿ, ಎಳನೀರು ಎಲ್ಲವೂ ಹೆಚ್ಚುಕಡಿಮೆ ಆ ಬುತ್ತಿಯೇ.

ಕೋಟೆ ಕಲ್ಲು
ಅಂದರೆ ನಾವೆಲ್ಲಾ ಮಕ್ಕಳ ಬುತ್ತಿ ಕದ್ದು ತಿನ್ನುವವರು.

ಹಿರಿಯೂರು ದಾಳಿಂಬೆ
ದಾಳಿಂಬೆಯಲ್ಲೂ ಹೂ ಉದುರಿದರೆ ಹೊಸಬರು ಗಾಬರಿಯಾಗಿ ಔಷಧಿ ಹೊಡೆಯುತ್ತಾರೆ. ಒಂದೇ ಗಿಡದಲ್ಲಿ ಎರಡು ಬಗೆ ಹೂ ಇರುತ್ತವೆ. ಬುಡ ಚೂಪಾಗಿ ಗಂಟೆಯ ಹಾಗೆ ಇರುವುದು ಗಂಡು ಥರದ್ದು, ಅದು ಉದುರಲೇಬೇಕು. ಬುಡ ದಪ್ಪಗೆ ಹೂಜಿಯ ಹಾಗೆ ಇರುವುದೇ ಕಾಯಿ ಕಚ್ಚುವುದು. ಉದುರಿದ್ದನ್ನು ಕೈಗೆತ್ತಿಕೊಂಡು ಬುಡ ನೋಡಿ, ಆಮೇಲೆ ಅಂಗಡಿಗೆ ಹೋಗಿ. ತಾರಸಿ ತೋಟದವರೇ, ಆ 340 ರೂಪಾಯಿ ಬಾಟಲಿ ತೆರೆದಿಲ್ಲದಿದ್ದರೆ ವಾಪಸ್ ಕೊಡಿ. ಸಂಜೆ ಹೊತ್ತು ಏನಾದರೂ ಹೊಡೆದರೆ ಬರುವ ಪತಂಗವೂ ಬರುವುದಿಲ್ಲ.

ಸುಮ್ನೆ ಓದುವವ
ಪರಾಗ ಇಲ್ಲದಿದ್ದರೆ ಕಾಯಿ ಇಲ್ಲ ಎನ್ನುತ್ತೀರಿ. ಬಾಳೆಹಣ್ಣಲ್ಲಿ ಬೀಜ ಎಲ್ಲಿದೆ ಹೇಳಿ ನೋಡೋಣ.

ನಿವೃತ್ತ ಮೇಷ್ಟ್ರು
ಒಳ್ಳೆಯ ಪ್ರಶ್ನೆ. ಬಾಳೆ ನಿಯಮ ಮುರಿದ ಗಿಡ. ನಾವು ಬೆಳೆಯುವ ಬಾಳೆಯಲ್ಲಿ ಪರಾಗ ಬೀಳದೆಯೂ ಕಾಯಿ ಉಬ್ಬುತ್ತದೆ. ಹಣ್ಣಿನ ನಡುವೆ ಕಾಣುವ ಕಪ್ಪು ಚುಕ್ಕಿಗಳು ಆಗದೇ ಹೋದ ಬೀಜಗಳು. ಕಾಡು ಬಾಳೆ ಕಚ್ಚಿ ನೋಡಿ, ಹಲ್ಲು ಮುರಿಯುವಂಥ ಕರಿ ಬೀಜ ತುಂಬಿರುತ್ತದೆ. ಪಾಲಿಹೌಸ್ ಒಳಗೆ ಬೆಳೆಯುವ ಕೆಲವು ಸೌತೆ ತಳಿಗಳೂ ಹೀಗೆಯೇ. ಸೋರೆಗೆ ಆ ಅನುಕೂಲ ಇಲ್ಲ.

ಮಂಡಕ್ಕಿ ಮಿರ್ಚಿ
ನನ್ನದೂ ಒಂದು ಪ್ರಶ್ನೆ. ನಮ್ಮಮ್ಮ ಸೋರೆ ಪಕ್ಕ ಹಾಗಲ ಹಾಕಲು ಬಿಡುವುದಿಲ್ಲ. ಸೋರೆ ಕಹಿಯಾಗುತ್ತದಂತೆ.

ಕ್ರಾಸಿಂಗ್ ಅಕ್ಕ
ಹಾಗಲದ ಪುಡಿ ಸೋರೆಗೆ ಹತ್ತುವುದೇ ಇಲ್ಲ. ಜಾತಿ ಬೇರೆ. ಹತ್ತಿದ್ದರೆ ನಾವು ಎಷ್ಟು ದುಡ್ಡು ಮಾಡುತ್ತಿದ್ದೆವೋ! ಆದರೆ ಬೇಲಿಯಲ್ಲಿ ತಾನಾಗಿ ಹುಟ್ಟಿದ ಕಹಿ ಸೋರೆ ಇದ್ದರೆ ಅದರ ಪುಡಿ ಹತ್ತುತ್ತದೆ. ಆಗಲೂ ಈ ಸಲದ ಕಾಯಿಗೆ ಏನೂ ಆಗುವುದಿಲ್ಲ. ಅದರ ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಿದರೆ ಕಹಿ ಬರುವುದು. ಬೀಜಕ್ಕೆ ಬಿಡುವ ಹೂವಿಗೆ ಮಧ್ಯಾಹ್ನವೇ ಮೊಗ್ಗಿನ ಮೂತಿ ದಾರದಲ್ಲಿ ಕಟ್ಟಿ. ಸಂಜೆ ಬಿಚ್ಚಿ, ನಮ್ಮದೇ ಗಂಡು ಹೂ ಸವರಿ, ಮತ್ತೆ ಕಟ್ಟಿ.

ಹಿರಿಯೂರು ದಾಳಿಂಬೆ
ಇಲ್ಲಿ ತಮಾಷೆ ಬಿಟ್ಟು ಒಂದು ಮಾತು. ಸೋರೆ ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಉಗಿದು, ಪೂರ್ತಿ ಕಾಯಿ ಎಸೆಯಿರಿ. ಕಹಿ ಸೋರೆಯ ಜ್ಯೂಸ್ ಕುಡಿದು ಜನ ಸತ್ತಿದ್ದಾರೆ. ಆರೋಗ್ಯಕ್ಕೆ ಒಳ್ಳೆಯದು ಎಂದು ಮೂಗು ಹಿಡಿದು ಕುಡಿಯಬೇಡಿ.

ಕೋಟೆ ಕಲ್ಲು
ಕಾಯಿ ಆಯಿತು, ಬೀಜದ ಕತೆ ಹೇಳುತ್ತೇನೆ. ನಮ್ಮ ಏಳು ಸುತ್ತಿನ ಕೋಟೆಗೆ ಬಂದು ನೋಡಿ. ಹಿಡಿ ಮಣ್ಣಿಲ್ಲದ ಕಲ್ಲಿನ ಸಂದಿಯಲ್ಲಿ ಅರಳಿ, ಆಲ, ಅತ್ತಿ. ಯಾರೂ ನೆಟ್ಟಿದ್ದಲ್ಲ. ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕಿದ್ದು. ಮದಕರಿ ನಾಯಕರ ಕಾಲದಲ್ಲಿ ಶತ್ರುಗಳು ಹತ್ತಲು ತಿಣುಕಿದ ಗೋಡೆಯನ್ನು ಒಂದು ಸಾಸಿವೆಯಷ್ಟು ಬೀಜ ಹತ್ತಿ, ಈಗ ಬೇರಿನಿಂದ ಕಲ್ಲನ್ನೇ ಸರಿಸುತ್ತಿದೆ.

ಬೇವೂ ಅಷ್ಟೆ. ಕರೆಂಟ್ ತಂತಿಯ ಕೆಳಗೆ, ಬೇಲಿಯ ಉದ್ದಕ್ಕೂ ಸಾಲಾಗಿ ಹುಟ್ಟಿರುತ್ತದೆ. ಮೇಲೆ ಕಾಗೆ ಕೂರುವ ಜಾಗ ಅದು. ಇನ್ನು ಜೋಗಿಮಟ್ಟಿಗೆ ಹೋಗಿ ಬಂದ ಮೇಲೆ ಪ್ಯಾಂಟಿನ ತುಂಬಾ ಉತ್ತರಾಣಿ. ನಾನು ಒಂದೊಂದಾಗಿ ಕಿತ್ತು ಮನೆ ಮುಂದೆ ಎಸೆದೆ. ಈಗ ಮನೆ ಮುಂದೆಯೂ ಉತ್ತರಾಣಿ. ಬಾಡಿಗೆ ಇಲ್ಲದ ಲಾರಿ ನಾನು.

ಬೆಣ್ಣೆದೋಸೆ
ಉತ್ತರಾಣಿ ಪರವಾಗಿಲ್ಲ. ನೆಗ್ಗಿಲ ಮುಳ್ಳು ಸೈಕಲ್ ಟ್ಯೂಬಿಗೆ ಹೊಕ್ಕರೆ ಗೊತ್ತಾಗುತ್ತದೆ. ನನ್ನ ಹೈಸ್ಕೂಲು ಪೂರ್ತಿ ಪಂಕ್ಚರ್ ಅಂಗಡಿಯಲ್ಲೇ ಹೋಯಿತು.

ಚಳ್ಳಕೆರೆ ಶೇಂಗಾ
ಬೀಜ ಹರಡುವವರಲ್ಲಿ ಮೊದಲ ಬಹುಮಾನ ಕುರಿಗೆ. ಗೊಬ್ಬರಕ್ಕೆಂದು ದುಡ್ಡು ಕೊಟ್ಟು ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದೆವು. ಮಳೆ ಬಿದ್ದ ಮೇಲೆ ಹೊಲವೆಲ್ಲಾ ಬಳ್ಳಾರಿ ಜಾಲಿ ಸಸಿ. ಕೀಳುವಷ್ಟರಲ್ಲಿ ಕೈಯೆಲ್ಲಾ ಮುಳ್ಳು.

ಕುರಿ ಹಟ್ಟಿ
ಎಲ್ಲದಕ್ಕೂ ಕುರಿಯವರ ಮೇಲೇ ಹಾಕಿ! ನಿಮ್ಮ ದನ ಜಾಲಿ ಕಾಯಿ ತಿನ್ನುವುದಿಲ್ಲವಾ? ಸಿಹಿ ಕಾಯಿ, ಯಾವ ಪ್ರಾಣಿ ಬಿಡುತ್ತದೆ? ಬೇಸಿಗೆಯಲ್ಲಿ ಕಾವಲಿನಲ್ಲಿ ಹುಲ್ಲು ಕಡ್ಡಿ ಇಲ್ಲದಾಗ ಮಂದೆ ಬದುಕುವುದೇ ಆ ಕಾಯಿಯಿಂದ. ದುಡ್ಡು ಕೊಟ್ಟಿದ್ದು ಹಿಕ್ಕೆಗೆ, ಜಾಲಿ ಉಚಿತ.

ನಿವೃತ್ತ ಮೇಷ್ಟ್ರು
ಕುರಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕುರಿ, ಮೇಕೆ ಚೆನ್ನಾಗಿ ಅಗಿಯುತ್ತವೆ, ಒಂದಷ್ಟು ಬೀಜ ಅಲ್ಲೇ ಹಾಳಾಗುತ್ತದೆ. ದನದ ಹೊಟ್ಟೆಯಿಂದ ಬೀಜ ಇನ್ನೂ ಜಾಸ್ತಿ ಜೀವಂತ ಬರುತ್ತದೆ. ಗಟ್ಟಿ ಸಿಪ್ಪೆ ಹೊಟ್ಟೆಯಲ್ಲಿ ಮೆತ್ತಗಾಗಿ ಬೇಗ ಮೊಳೆಯುತ್ತದೆ. ಹೆಸರು ಬಳ್ಳಾರಿ ಜಾಲಿ ಆದರೂ ಅದು ಬಳ್ಳಾರಿಯದ್ದಲ್ಲ, ಅಮೆರಿಕ ಖಂಡದ ಗಿಡ. 19ನೇ ಶತಮಾನದಲ್ಲಿ ಇಲ್ಲಿಗೆ ತಂದಿದ್ದು.

ಸೂಲಂಗಿ (ಜಗಳೂರು)
ಹರಳು ಗೊನೆ ಅಂಗಳದಲ್ಲಿ ಒಣಗಲು ಹಾಕಿದರೆ ಮಧ್ಯಾಹ್ನದ ಬಿಸಿಲಿಗೆ ಪಟ್ ಪಟ್ ಎಂದು ಸಿಡಿದು ಬೀಜ ಮೂಲೆಮೂಲೆಗೆ ಹಾರುತ್ತದೆ. ಅದಕ್ಕೆ ಕುರಿಯೂ ಬೇಡ, ದನವೂ ಬೇಡ.

ಕ್ರಾಸಿಂಗ್ ಅಕ್ಕ
ಹರಳು ಅಲ್ಲ, ಔಡಲ.

ಸೂಲಂಗಿ (ಜಗಳೂರು)
ನಮ್ಮಲ್ಲಿ ಹರಳು.

ಕ್ರಾಸಿಂಗ್ ಅಕ್ಕ
ಆಯಿತು ಬಿಡಿ, ಎಣ್ಣೆ ಒಂದೇ. ಸಿಡಿಯುವುದರಲ್ಲಿ ಕನಕಾಂಬರ ನೋಡಬೇಕು. ಹರಳಿಗೆ ಬಿಸಿಲು ಬೇಕು, ಇದಕ್ಕೆ ನೀರು ಬೇಕು. ಒಣಗಿದ ಕಾಯಿಗೆ ಹನಿ ನೀರು ತಾಗಿದರೆ ಸ್ವಲ್ಪ ಹೊತ್ತಿಗೆ ಚಟ್ ಎನ್ನುತ್ತದೆ. ಮಳೆ ಬಂದ ದಿನವೇ ಬೀಜ ನೆಲಕ್ಕೆ. ನಾವು ಶಾಲೆಯಲ್ಲಿ ಎಂಜಲು ಹಚ್ಚಿ ಮುಂದಿನ ಬೆಂಚಿನವಳ ಜಡೆಯಲ್ಲಿ ಇಡುತ್ತಿದ್ದೆವು.

ಮಂಡಕ್ಕಿ ಮಿರ್ಚಿ
ಎಕ್ಕದ ಬೀಜ ಯಾರೂ ಹೇಳಲಿಲ್ಲ. ರೇಷ್ಮೆ ಕೂದಲು ಕಟ್ಟಿಕೊಂಡು ಹಾರುವುದು. ನಾವು ಅಜ್ಜನ ಗಡ್ಡ ಎನ್ನುತ್ತಿದ್ದೆವು.

ಕೋಟೆ ಕಲ್ಲು
ನಮ್ಮಲ್ಲಿ ಅಜ್ಜಿ ಕೂದಲು. ದಯವಿಟ್ಟು ಇದಕ್ಕೂ ಜಗಳ ಬೇಡ.

ಹಿರಿಯೂರು ದಾಳಿಂಬೆ
ನನ್ನ ಮಾವಿನ ಮರಕ್ಕೆ ಬದನಿಕೆ ಹಿಡಿದಿದೆ, ಕೊಂಬೆಯ ಮೇಲೇ ಬೇರೂರಿ ಮರದ ರಸ ಹೀರುವ ಗಿಡ. ಎಷ್ಟು ಕಡಿದರೂ ಮತ್ತೆ ಬರುತ್ತದೆ. ಇದನ್ನು ಯಾರು ಹರಡುವುದು?

ನಿವೃತ್ತ ಮೇಷ್ಟ್ರು
ಹೆಬ್ಬೆರಳು ಗಾತ್ರದ ಒಂದು ಪುಟ್ಟ ಹಕ್ಕಿ. ಅದನ್ನೂ ಬದನಿಕೆ ಹಕ್ಕಿ ಎಂದೇ ಕರೆಯುತ್ತಾರೆ. ಹಣ್ಣಿನ ಬೀಜಕ್ಕೆ ಅಂಟು ಇರುತ್ತದೆ. ಹಿಕ್ಕೆಯಲ್ಲಿ ಬಂದರೂ ಅಂಟು ಹೋಗುವುದಿಲ್ಲ. ಹಕ್ಕಿ ಅದನ್ನು ಕೊಂಬೆಗೆ ಉಜ್ಜಿ ಬಿಡಿಸಿಕೊಳ್ಳುತ್ತದೆ. ಬೀಜಕ್ಕೆ ಬೇಕಾಗಿದ್ದೂ ಅಷ್ಟೇ, ನೆಲಕ್ಕೆ ಬಿದ್ದರೆ ಅದು ಬದುಕುವುದಿಲ್ಲ. ಹಣ್ಣಾಗುವ ಮೊದಲೇ ಕೊಂಬೆ ಸಮೇತ ಕಡಿಯಿರಿ.

ತಾರಸಿ ತೋಟ
ನನ್ನ ಸೋರೆ ಬಿಟ್ಟು ಎಲ್ಲೆಲ್ಲಿಗೋ ಹೋದಿರಿ. ಪರವಾಗಿಲ್ಲ, ಓದಲು ಮಜಾ ಬಂತು. ಹತ್ತು ದಿನದ ವರದಿ ಇಲ್ಲಿದೆ.

ಅಕ್ಕ ಹೇಳಿದ ಹಾಗೆ ಸಂಜೆ ಏಳಕ್ಕೆ ನಾಲ್ಕು ಹೆಣ್ಣು ಹೂವಿಗೆ ಗಂಡು ಹೂ ಸವರಿದೆ. ಮೂರು ಕಾಯಿ ನಿಂತಿವೆ. ಒಂದು ಆಗಲೇ ಮುಂಗೈ ಉದ್ದ. ಒಂದು ಸ್ವಲ್ಪ ಸೊಟ್ಟ, ಆ ದಿನ ಫೋನ್ ಬಂತು, ಸುತ್ತಲೂ ಸವರಲಿಲ್ಲ. ಎರಡು ಹೂ ಬೇಕೆಂದೇ ಮುಟ್ಟದೆ ಬಿಟ್ಟೆ. ಒಂದು ಹಳದಿಯಾಗಿ ಬಿತ್ತು. ಆಶ್ಚರ್ಯ, ಇನ್ನೊಂದು ನಿಂತಿದೆ! ಅದು ಯಾರ ಕೆಲಸ ಎಂದು ಮೂರನೇ ದಿನ ತಿಳಿಯಿತು. ಏಳೂಕಾಲಿಗೆ ದೊಡ್ಡ ಪತಂಗ ಬಂತು. ಕೂರಲೇ ಇಲ್ಲ. ಗಾಳಿಯಲ್ಲಿ ನಿಂತೇ ಉದ್ದ ನಾಲಿಗೆ ಚಾಚಿ, ಹೂವಿಂದ ಹೂವಿಗೆ ಹೋಯಿತು. ಮಗಳು ಹಕ್ಕಿ ಎಂದಳು. ಕಾಫಿ ಆರಿಹೋಯಿತು.

ಕ್ರಾಸಿಂಗ್ ಅಕ್ಕ
ಮುಂಗೈ ಉದ್ದ ಆಯಿತು ಎಂದರೆ ಇನ್ನು ಹಣ್ಣುನೊಣದ ಕಾಟ. ಸೂಜಿ ಚುಚ್ಚಿದ ಹಾಗೆ ತೂತು, ಅದರಿಂದ ಅಂಟು ಬಂದರೆ ಅದರದ್ದೇ ಕೆಲಸ, ಒಳಗೆ ಹುಳ ಇರುತ್ತದೆ. ಪರಾಗ ಬೀಳದೆ ಹಳದಿಯಾಗುವ ಹೀಚಿನಲ್ಲಿ ತೂತು ಇರುವುದಿಲ್ಲ. ಎರಡನ್ನೂ ಒಂದೇ ಮಾಡಬೇಡಿ. ಇವತ್ತೇ ಪೇಪರ್ ಚೀಲ ಕಟ್ಟಿ.

ತಾರಸಿ ತೋಟ
ನಾಲ್ಕಕ್ಕೂ ಕಟ್ಟಿದೆ. ಅತ್ತೆಗೆ ತುಂಬಾ ಖುಷಿ. "ಈಗ ಯಾರ ಬೆರಳೂ ತಾಗುವುದಿಲ್ಲ, ಮೊದಲೇ ನನ್ನ ಮಾತು ಕೇಳಿದ್ದರೆ 11 ಹೀಚು ಉಳಿಯುತ್ತಿತ್ತು" ಎನ್ನುತ್ತಿದ್ದಾರೆ.

ಬೆಣ್ಣೆದೋಸೆ
ನಾನು ಮೊದಲ ದಿನವೇ ಹೇಳಿದ್ದೆ. ಫೋಟೋ ಹಾಕಿ.

ತಾರಸಿ ತೋಟ
ಚೀಲದ ಫೋಟೋ ಬೇಕಾದರೆ ಹಾಕುತ್ತೇನೆ. ಕಾಯಿಯದ್ದಕ್ಕೆ ಅತ್ತೆ ಬಿಡುತ್ತಿಲ್ಲ.

ಸುಮ್ನೆ ಓದುವವ
ನಮ್ಮ ಹಿತ್ತಲಿನ ಪಪ್ಪಾಯಿ ಮೂರು ವರ್ಷದಿಂದ ಉದ್ದುದ್ದ ಹೂವಿನ ಮಾಲೆ ಬಿಡುತ್ತಿದೆ, ಕಾಯಿ ಇಲ್ಲ. ಇದಕ್ಕೂ ಸಂಜೆ ಏಳಕ್ಕೆ ಹೋಗಬೇಕಾ?

ಕ್ರಾಸಿಂಗ್ ಅಕ್ಕ
ಅದು ಗಂಡು ಮರ. ಕೊಡಲಿ ತೆಗೆದುಕೊಂಡು ಯಾವ ಹೊತ್ತಿಗೆ ಬೇಕಾದರೂ ಹೋಗಿ.